ಕಿಟಕಿ ತೆರೆಯಲಾಗದ ನಾಲ್ಕು ತಿಂಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಗಾಳಿಯ ಮೇಲೆ ಯಾರೂ ದೂರು ಹೇಳುವುದಿಲ್ಲ. ಸುತ್ತ ಕಾಡು, ಸೊಪ್ಪಿನ ಬೆಟ್ಟ, ಅಡಿಕೆ ತೋಟ. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ನೆಂಟರು ಬಸ್ಸಿಳಿಯುತ್ತಲೇ ಉದ್ದಕ್ಕೆ ಉಸಿರೆಳೆದುಕೊಂಡು ‘ಗಾಳಿ ಅಂದ್ರೆ ಇದು’ ಎನ್ನುತ್ತಾರೆ. ನಮಗೆ ಅಷ್ಟು ಪ್ರಮಾಣಪತ್ರ ಸಾಕು. ಹೊರಗಿನ ಗಾಳಿಯ ಮಟ್ಟಿಗೆ ಆ ಮಾತು ಬಹುಪಾಲು ಸರಿಯೂ ಹೌದು. ಆದರೆ ಶಾಲೆಗೆ ಹೋಗುವ ಮಗು ದಿನಕ್ಕೆ ಐದಾರು ತಾಸು ಉಸಿರಾಡುವುದು ಬೆಟ್ಟದ ಗಾಳಿಯನ್ನಲ್ಲ, ಕೋಣೆಯೊಳಗಿನ ಗಾಳಿಯನ್ನು. ಆ ಕೋಣೆಯ ಕಿಟಕಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುತೇಕ ಮುಚ್ಚಿಯೇ ಇರುತ್ತದೆ.

ಮುಚ್ಚದೆ ಇನ್ನೇನು ಮಾಡುವುದು? ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಸೀಮೆ ಇದು. ಘಟ್ಟದ ಅಂಚಿಗೆ ಹೋದಷ್ಟೂ ಇನ್ನೂ ಹೆಚ್ಚು. ಅದರ ಸಿಂಹಪಾಲು ಈ ನಾಲ್ಕೇ ತಿಂಗಳಲ್ಲಿ, ಅದೂ ನೆಟ್ಟಗೆ ಸುರಿಯದೆ ಪಡುವಣದ ಗಾಳಿಯ ಜೊತೆ ಓರೆಯಾಗಿ ಹೊಡೆಯುತ್ತದೆ. ಕಿಟಕಿ ತೆರೆದರೆ ಎರಚಲು ನೇರವಾಗಿ ಮೊದಲ ಸಾಲಿನ ಮಕ್ಕಳ ಪುಸ್ತಕದ ಮೇಲೆ. ಅಕ್ಕೋರು ‘ಏಯ್, ಕಿಟಕಿ ಹಾಕ್ರೋ’ ಎನ್ನುತ್ತಾರೆ. ಕೆಲವು ಕಡೆ ಕಿಟಕಿಯ ಕದವೇ ಮುರಿದಿರುತ್ತದೆ. ಅಲ್ಲಿ ಪ್ಲಾಸ್ಟಿಕ್ ಹಾಳೆ ಬಡಿದು ಮಳೆಗಾಲ ಕಳೆಯುತ್ತಾರೆ. ಅಕ್ಕೋರದ್ದಾಗಲಿ ಮಾಸ್ತರದ್ದಾಗಲಿ ಇದರಲ್ಲಿ ತಪ್ಪೇನೂ ಇಲ್ಲ. ಮಳೆ ಬಂದಾಗಲೂ ತೆರೆದಿಡಬಹುದಾದ ಕಿಟಕಿಯನ್ನು ನಾವು ಅವರಿಗೆ ಕಟ್ಟಿಕೊಟ್ಟೇ ಇಲ್ಲ. ಈ ಬರಹದ ದೂರು ಅಷ್ಟೇ.

ಮುಚ್ಚಿದ ಕೋಣೆಯಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ನಾವು ಹೊರಬಿಡುವ ಉಸಿರಿನಲ್ಲಿ ಶೇ 4ರಷ್ಟು ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಈಗ ಹತ್ತು ಲಕ್ಷಕ್ಕೆ 420 ಭಾಗವನ್ನು ತುಸು ಮೀರಿದೆ. ಎಂಟು-ಹತ್ತು ವರ್ಷದ ಮಗು ಕೂತಲ್ಲೇ ಕೂತು ಪಾಠ ಕೇಳಿದರೂ ತಾಸಿಗೆ ಹನ್ನೆರಡು ಲೀಟರಿನಷ್ಟು ಈ ಅನಿಲವನ್ನು ಹೊರಬಿಡುತ್ತದೆ. ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಮೂವತ್ತು ಮಕ್ಕಳನ್ನು ಕೂರಿಸಿ ಎಲ್ಲ ಸಂದುಗಳನ್ನೂ ಮುಚ್ಚಿದರೆ ಹನ್ನೊಂದೇ ನಿಮಿಷದಲ್ಲಿ ಆ 420 ಎಂಬುದು ಸಾವಿರ ದಾಟುತ್ತದೆ. ನಲವತ್ತು ನಿಮಿಷದ ಒಂದು ಪಿರಿಯಡ್ ಮುಗಿದು ಗಂಟೆ ಹೊಡೆಯುವಾಗ ಎರಡೂವರೆ ಸಾವಿರದ ಹತ್ತಿರ ಇರುತ್ತದೆ. ಪೇಟೆಯ ಪ್ರೌಢಶಾಲೆಗಳ ಅರವತ್ತು ಮಕ್ಕಳ ಕ್ಲಾಸಿನಲ್ಲಿ ಸಾವಿರ ಮುಟ್ಟಲು ಐದಾರು ನಿಮಿಷ ಸಾಕು. ನಿಜವಾದ ಕೋಣೆಯಲ್ಲಿ ಬಾಗಿಲ ಸಂದು, ಹಂಚಿನ ಸಂದು ಇರುತ್ತವೆ. ಹಾಗಾಗಿ ಇಷ್ಟು ಬೇಗ ಏರುವುದಿಲ್ಲ. ಆದರೆ ಏರುವ ದಾರಿ ಇದೇ.

ಈ ‘ಸಾವಿರ’ದ ಗೆರೆ ಹೊಸದಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ಮ್ಯಾಕ್ಸ್ ಫೊನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿ 1858ರಲ್ಲೇ, ಮನೆ-ಕಟ್ಟಡಗಳ ಗಾಳಿಯನ್ನು ಅಳೆದು, ಜನ ಕೂರುವ ಕೋಣೆಯಲ್ಲಿ ಈ ಅನಿಲ ಸಾವಿರಕ್ಕೆ ಒಂದು ಭಾಗ ಮೀರಬಾರದು ಎಂದಿದ್ದ. ಅಷ್ಟಕ್ಕೇ ಅದು ವಿಷವೆಂದು ಅವನು ಹೇಳಲಿಲ್ಲ, ಈಗಲೂ ಯಾರೂ ಹೇಳುವುದಿಲ್ಲ. ಕಾರ್ಖಾನೆಯ ಕೆಲಸಗಾರರಿಗೆ ಎಂಟು ತಾಸಿನ ಸರಾಸರಿಯಾಗಿ ಹತ್ತು ಲಕ್ಷಕ್ಕೆ 5,000 ಭಾಗದವರೆಗೂ ಹಲವು ದೇಶಗಳು ಒಪ್ಪುತ್ತವೆ. ಪೆಟೆನ್‌ಕೋಫರ್ ಕಂಡದ್ದು ಬೇರೆ. ಈ ಅನಿಲ ಏರಿದೆ ಎಂದರೆ ಆ ಕೋಣೆಯಲ್ಲಿ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ. ಎರಡೂವರೆ ಸಾವಿರ ಮುಟ್ಟಿದ ಕ್ಲಾಸಿನಲ್ಲಿ ಮಗು ಒಳಗೆಳೆದುಕೊಳ್ಳುವ ಗಾಳಿಯ ಇಪ್ಪತ್ತರಲ್ಲೊಂದು ಪಾಲು ಆಗಲೇ ಇನ್ನೊಬ್ಬರ ಶ್ವಾಸಕೋಶ ಹೊಕ್ಕು ಬಂದದ್ದು. ಮಧ್ಯಾಹ್ನದ ಊಟದ ನಂತರ ಮಕ್ಕಳು ತೂಕಡಿಸುವುದಕ್ಕೆ ಅನ್ನ-ಸಾಂಬಾರನ್ನು ಮಾತ್ರ ಬೈಯಬೇಕಾಗಿಲ್ಲ.

ತೂಕಡಿಕೆಯಾದರೂ ಹೋಗಲಿ. ಉಸಿರು ಹಂಚಿಕೊಂಡರೆ ರೋಗವನ್ನೂ ಹಂಚಿಕೊಂಡ ಹಾಗೆ. 1974ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಪ್ರಾಥಮಿಕ ಶಾಲೆಯಲ್ಲಿ ಎರಡನೇ ತರಗತಿಯ ಒಬ್ಬ ಹುಡುಗಿಗೆ ದಡಾರ ಬಂತು. ಶಾಲೆಯ ಬಹುತೇಕ ಎಲ್ಲ ಮಕ್ಕಳಿಗೂ ಲಸಿಕೆ ಆಗಿತ್ತು. ಆದರೂ ಅವಳಿಂದ 28 ಮಕ್ಕಳಿಗೆ, ಅದೂ 14 ಬೇರೆ ಬೇರೆ ಕೋಣೆಗಳಲ್ಲಿ ಕೂರುತ್ತಿದ್ದವರಿಗೆ, ರೋಗ ದಾಟಿತು. ಆ ಹುಡುಗಿ ಹದಿನಾಲ್ಕೂ ಕ್ಲಾಸಿಗೆ ಹೋಗಿರಲಿಲ್ಲ. ಆ ಕಟ್ಟಡದ ಗಾಳಿ ಯಂತ್ರ ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಎಲ್ಲ ಕೋಣೆಗೂ ಹಂಚುತ್ತಿತ್ತು. ರೋಗ ಗಾಳಿಯಲ್ಲಿ ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕುವವರು ಇವತ್ತಿಗೂ ಈ ಶಾಲೆಯ ಅಂಕಿಗಳನ್ನು ಮುಂದಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಅಂಥ ಯಂತ್ರ ಇಲ್ಲ, ಸೀಲಿಂಗ್ ಫ್ಯಾನ್ ಇದೆ. ಅದು ಹೊಸ ಗಾಳಿಯನ್ನು ತರುವುದಿಲ್ಲ, ಇದ್ದದ್ದನ್ನೇ ಕಲಕುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಅದೂ ನಿಂತಿರುತ್ತದೆ ಎನ್ನುವುದು ಬೇರೆ ಮಾತು.

ಕೋವಿಡ್ ಕಾಲದಲ್ಲಿ ಈ ವಿಷಯ ನಮಗೆ ಅರ್ಧ ಅರ್ಥವಾಗಿತ್ತು. 2020ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ‘ವಿದ್ಯಾಗಮ’ ಶುರು ಮಾಡಿದಾಗ ಮಾಸ್ತರು, ಅಕ್ಕೋರು ಊರೂರಿಗೆ ಹೋಗಿ ದೇವಸ್ಥಾನದ ಪ್ರಾಂಗಣ, ಮನೆಯ ಜಗುಲಿ, ಮರದ ಕಟ್ಟೆಗಳಲ್ಲಿ ಪಾಠ ಹೇಳಿದರು. ಸೋಂಕಿನ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದು ನಿಂತಿತು. ಒಂದರಿಂದ ಐದನೇ ತರಗತಿಯ ಮಕ್ಕಳು 2021ರ ಅಕ್ಟೋಬರ್ 25ರಂದು ಶಾಲೆಗೆ ಮರಳುವಾಗ ನಾವು ಸ್ಯಾನಿಟೈಸರ್ ಬಾಟಲಿ, ಜ್ವರ ಅಳೆಯುವ ಪಿಸ್ತೂಲು ಹಿಡಿದು ಬಾಗಿಲಲ್ಲಿ ನಿಂತಿದ್ದೆವು. ಕಿಟಕಿಯ ಕಡೆ ನೋಡಿದವರು ಕಡಿಮೆ. ಅದೇ ವರ್ಷ ಬ್ರಿಟನ್ನಿನ ಸರ್ಕಾರ ತನ್ನ ಶಾಲೆಗಳಿಗೆ ಸುಮಾರು ಮೂರು ಲಕ್ಷ ಕಾರ್ಬನ್ ಡೈಆಕ್ಸೈಡ್ ಮಾಪಕಗಳನ್ನು ಹಂಚುವುದಾಗಿ ಪ್ರಕಟಿಸಿತ್ತು. ಅಂಕಿ ಏರಿತೆಂದರೆ ಕಿಟಕಿ ತೆರೆಯಿರಿ ಎಂಬುದಷ್ಟೇ ಆ ಯಂತ್ರ ಹೇಳುವ ಮಾತು.

ಆದರೆ ಇಲ್ಲಿಯವರೆಗೆ ಹೇಳಿದ್ದೆಲ್ಲ ಪೇಟೆಯ ಕಥೆ. ಶಿರಸಿ ಪೇಟೆಯ ತುಂಬಿದ ಕ್ಲಾಸಿಗೆ ಇದು ಹೊಂದುತ್ತದೆ. ಸಿದ್ದಾಪುರದ ಘಟ್ಟದ ಅಂಚಿನ, ಯಲ್ಲಾಪುರದ ಕಾಡಿನ ನಡುವಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ಮಕ್ಕಳೆಲ್ಲಿದ್ದಾರೆ? ಹನ್ನೆರಡೋ ಹದಿನೈದೋ ಮಕ್ಕಳಿದ್ದರೆ ಅದೇ ದೊಡ್ಡದು, ಎರಡಂಕಿ ಮುಟ್ಟದ ಶಾಲೆಗಳೂ ಇವೆ. ಹಂಚಿನ ಮಾಡಿನ ಕೆಳಗೆ ಹತ್ತು ಮಕ್ಕಳು ಕೂತರೆ ಉಸಿರಿನ ಲೆಕ್ಕ ಗಾಬರಿ ಹುಟ್ಟಿಸುವಂಥದ್ದಲ್ಲ; ಮಂಗಳೂರು ಹಂಚು ತನ್ನ ಸಂದುಗಳಲ್ಲಿ ತಾನೇ ಉಸಿರಾಡುತ್ತದೆ. ಅಲ್ಲಿ ಮಕ್ಕಳನ್ನು ಕೆಮ್ಮಿಸುವುದು ಬೇರೆಯದು. ತೇವ. ದಿಲ್ಲಿಯ ಗಾಳಿಯ ಸುದ್ದಿ ಓದಿ ನಮ್ಮ ಶಾಲೆಯ ಗಾಳಿಯನ್ನು ಅಳೆಯಲು ಹೊರಟವರು ಮೊದಲು ತಪ್ಪುವುದು ಇಲ್ಲೇ.

ತೇವ ಎಲ್ಲಿಂದ ಬರುತ್ತದೆ? ಮೊದಲ ಅಪರಾಧಿ ಮಂಗ. ತಮಾಷೆಯಲ್ಲ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದ ಮೇಲೆ ಮಾಡಿನ ಮೇಲೆ ಮಂಗಗಳದ್ದೇ ಆಟ. ಒಡೆದ ಹಂಚು, ಜಾರಿದ ಹಂಚು ಮೇ ತಿಂಗಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಜೂನ್ ಮೊದಲ ವಾರದ ಮಳೆಗೆ ಬೀಳುತ್ತದೆ. ಅಷ್ಟರಲ್ಲಿ ಹಂಚು ಕೈಯಾಡಿಸುವವರು ಸಿಗುವುದಿಲ್ಲ. ಊರಿನ ಎಲ್ಲ ಮನೆಗೂ ಅದೇ ವಾರ ಅವರೇ ಬೇಕು. ಬಕೆಟ್ ಇಟ್ಟು ಮಳೆಗಾಲ ದಾಟಿಸುತ್ತಾರೆ. ನೀರು ಬಕೆಟ್ಟಿಗೆ ಬೀಳುವುದಕ್ಕಿಂತ ಮುಂಚೆ ರೀಪು, ಪಕಾಸಿಗಳನ್ನು ನೆನೆಸಿ, ಗೋಡೆಯ ನೆತ್ತಿಯಿಂದ ಇಳಿದಿರುತ್ತದೆ. ಎರಡನೆಯದು ಕೆಳಗಿನಿಂದ ಏರುವ ನೀರು. ಮಾಡಿನ ನೀರು ಬೀಳುವಲ್ಲಿ ದಂಬೆಯಿಲ್ಲ, ಚರಂಡಿಯಿಲ್ಲ. ಅಡಿಪಾಯದ ಬುಡದಲ್ಲೇ ಇಂಗುತ್ತದೆ. ಚಿರೆಕಲ್ಲಿಗೆ ಮೈತುಂಬ ತೂತು. ನೆಲದ ತೇವವನ್ನು ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಮೇಲೆಳೆದುಕೊಳ್ಳುತ್ತದೆ.

ಹಿಂದಿನವರು ಚಿರೆಕಲ್ಲಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಸುಣ್ಣ ಬಳಿದ ಗೋಡೆ ತೇವವನ್ನು ಹೊರಬಿಡುತ್ತದೆ. ಸುಣ್ಣದ ಕ್ಷಾರಗುಣ ಹೊಸದಿರುವಷ್ಟು ಕಾಲ ಬೂಸ್ಟನ್ನೂ ಹತ್ತಿರ ಬಿಡುವುದಿಲ್ಲ. ಈಗ ಸಿಮೆಂಟ್ ಗಿಲಾವು, ಅದರ ಮೇಲೆ ಬಣ್ಣಬಣ್ಣದ ಆಯಿಲ್ ಪೇಂಟಿನಲ್ಲಿ ರೈಲು, ಆನೆ, ಭೂಪಟ. ಚಂದ ಕಾಣುತ್ತದೆ, ಮಕ್ಕಳಿಗೂ ಖುಷಿ. ಆದರೆ ಗೋಡೆಯೊಳಗೆ ಸಿಕ್ಕಿಬಿದ್ದ ನೀರಿಗೆ ಹೊರಬರಲು ದಾರಿಯಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆನೆಯ ಕಾಲಿನ ಹತ್ತಿರ ಬಣ್ಣ ಗುಳ್ಳೆಯೆದ್ದು ಸಿಪ್ಪೆ ಬಿಡುತ್ತದೆ, ಅದರ ಹಿಂದೆ ಕಪ್ಪು ಚುಕ್ಕಿ. ಒದ್ದೆಯಾದ ವಸ್ತು ಒಂದೆರಡು ದಿನದೊಳಗೆ ಒಣಗದಿದ್ದರೆ ಬೂಸ್ಟು ಬೇರು ಬಿಡಲು ಅಷ್ಟು ಸಾಕು. ಆಷಾಢದಲ್ಲಿ ನಮ್ಮಲ್ಲಿ ಯಾವುದು ಎರಡು ದಿನದಲ್ಲಿ ಒಣಗುತ್ತದೆ? ಅದರ ಮೇಲೆ ಮಳೆಯ ರಜೆ. ಜಿಲ್ಲಾಧಿಕಾರಿ ಘೋಷಿಸಿದ ರಜೆಗೆ ಭಾನುವಾರವೂ ಸೇರಿಕೊಂಡರೆ ನಾಲ್ಕೈದು ದಿನ ಕೋಣೆ ಬೀಗ ಹಾಕಿಯೇ ಇರುತ್ತದೆ. ಬಾಗಿಲು ತೆಗೆದವರ ಮೂಗಿಗೆ ಮೊದಲು ಬಡಿಯುವುದು ಮುಗ್ಗಲು ವಾಸನೆ. ಆ ವಾಸನೆ ಬಂತೆಂದರೆ ಬೂಸ್ಟು ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದೆ ಎಂದೇ ಲೆಕ್ಕ.

ಚಿಕ್ಕ ಮಕ್ಕಳ ನಲಿ-ಕಲಿ ಕೋಣೆಗೆ ಇನ್ನೂ ಒಂದು ತೊಂದರೆ ಇದೆ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯನ್ನು ನಾನು ಮೆಚ್ಚುವವನೇ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ತಲೆಯ ಮೇಲೆ ದಾರ ಕಟ್ಟಿ ಅವರು ಮಾಡಿದ ಚಿತ್ರ, ಕಾಗದದ ಹೂವು, ಮಿಂಚುಪಟ್ಟಿ ನೇತುಹಾಕಿದ ಚಪ್ಪರ. ಬೇಸಿಗೆಯಲ್ಲಿ ಅದು ಧೂಳು ಕೂರುವ ಜಾಗ, ಮಳೆಗಾಲದಲ್ಲಿ ಬೂಸ್ಟು ಬೆಳೆಯುವ ಜಾಗ. ಕಾಗದದಷ್ಟು ರುಚಿ ಅದಕ್ಕೆ ಬೇರೆ ಯಾವುದೂ ಇಲ್ಲ. ಕೆಳಗೆ ಹಾಸಿದ ಜಮಖಾನದಲ್ಲಿ ಕಣ್ಣಿಗೆ ಕಾಣದ ಧೂಳುನುಸಿಗಳು. ನಮ್ಮ ಚರ್ಮದಿಂದ ಉದುರುವ ಹೊಟ್ಟು ಅವಕ್ಕೆ ಆಹಾರ, ಗಾಳಿಯ ತೇವವೇ ನೀರು. ಇದಕ್ಕೆ ಸರಿಯಾಗಿ ಮೂಲೆಯಲ್ಲಿ ತೊಟ್ಟಿಕ್ಕುವ ಕೊಡೆಗಳ ರಾಶಿ, ಕಿಟಕಿಯ ಸರಳಿಗೆ ನೇತುಹಾಕಿದ ರೇನ್‌ಕೋಟು, ಒದ್ದೆ ಯೂನಿಫಾರ್ಮಿನಲ್ಲೇ ಕೂತ ಮಕ್ಕಳು. ಆ ನೀರೆಲ್ಲ ಆರಿ ಹೋಗುವುದು ಇದೇ ಕೋಣೆಯ ಗಾಳಿಗೆ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕಟ್ಟಡದೊಳಗಿನ ತೇವ ಮತ್ತು ಬೂಸ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ಹೊರತಂದಿತು. ಇಂತಿಷ್ಟು ಬೂಸ್ಟು ಇದ್ದರೆ ಅಡ್ಡಿಯಿಲ್ಲ ಎಂಬ ಗೆರೆಯನ್ನೇ ಅದು ಹಾಕಲಿಲ್ಲ. ತೇವವಾಗದಂತೆ ನೋಡಿಕೊಳ್ಳಿ, ಆದರೆ ಬೇಗ ಒಣಗಿಸಿ ಎಂದಿತು. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದ ಬರ್ಕ್ಲಿಯ ಸಂಶೋಧಕರು ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿದ್ದರು. ತೇವ ಹಿಡಿದ ಕಟ್ಟಡದಲ್ಲಿ ಇರುವವರಿಗೆ ಕೆಮ್ಮು, ಉಬ್ಬಸದಂಥ ಉಸಿರಿನ ತೊಂದರೆಗಳು ಶೇ 30ರಿಂದ 50ರಷ್ಟು ಹೆಚ್ಚು ಎಂಬುದು ಅವರಿಗೆ ಕಂಡ ಲೆಕ್ಕ. ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ತಾಗುತ್ತದೆ. ಮೈತೂಕಕ್ಕೆ ಹೋಲಿಸಿದರೆ ಮಗು ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ, ಅದರ ಶ್ವಾಸನಾಳ ಸಪೂರ, ಶ್ವಾಸಕೋಶ ಹದಿಹರೆಯ ಮುಗಿಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಒಳಗೆ ತುಸು ಊತ ಬಂದರೂ ದಾರಿ ಕಟ್ಟಿಕೊಳ್ಳುತ್ತದೆ.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ದಾಖಲೆಗಳನ್ನು ಇಪ್ಪತ್ತು ವರ್ಷ ಕೂಡಿಹಾಕಿ ಪ್ರಕಟಿಸಿದ್ದಾರೆ. ಆಸ್ತಮಾ ಇದ್ದವರ ಪಾಲು 1979ರಲ್ಲಿ ಶೇ 9 ಇದ್ದದ್ದು 1999ರಲ್ಲಿ ಶೇ 29.5ಕ್ಕೆ ಮುಟ್ಟಿತ್ತು. ಅದು ಬೆಂಗಳೂರು, ವಾಹನದ ಹೊಗೆಯ ಊರು ಎಂದು ನಾವು ನಿರಾಳವಾಗಬಹುದು. ಆದರೆ ಘಟ್ಟದ ಮೇಲಿನ ನಮ್ಮ ಮಗುವಿನ ಉಬ್ಬಸ ಎಷ್ಟೋ ಸಲ ಲೆಕ್ಕಕ್ಕೇ ಸಿಗುವುದಿಲ್ಲ. ‘ಥಂಡಿ ಆಗಿದೆ’, ‘ಮಳೆಗಾಲ ಅಂದ್ಮೇಲೆ ಶೀತ ಇದ್ದಿದ್ದೇ’ ಎನ್ನುತ್ತೇವೆ. ಕಾಳುಮೆಣಸಿನ ಕಷಾಯ ಕುಡಿಸುತ್ತೇವೆ. ಕಷಾಯದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಜೂನ್‌ನಲ್ಲಿ ಶಾಲೆಯ ಜೊತೆ ಶುರುವಾದ ಕೆಮ್ಮು ರಜೆಯಲ್ಲಿ ಕಡಿಮೆಯಾಗಿ, ಶಾಲೆಗೆ ಹೋದೊಡನೆ ಮತ್ತೆ ಬರುತ್ತಿದ್ದರೆ, ರಾತ್ರಿ ಎದೆಯಲ್ಲಿ ಕುಂಯ್ ಎನ್ನುವ ಸದ್ದಿದ್ದರೆ ಅದು ಶೀತವಲ್ಲ. ಡಾಕ್ಟರ ಹತ್ತಿರ ಹೋಗಬೇಕು; ಶಾಲೆಯ ಗೋಡೆಯನ್ನೂ ಒಮ್ಮೆ ನೋಡಿ ಬರಬೇಕು.

ಹೊಗೆಯ ವಿಷಯಕ್ಕೆ ಬಂದರೆ ಈ ಸೀಮೆಗೆ ಹೆಮ್ಮೆಪಡುವ ಇತಿಹಾಸವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುವಾಯಿತು. ಅಲ್ಲಿ ರೂಪುಗೊಂಡ, ಹೊಗೆಕೊಳವೆಯಿರುವ ಅಸ್ತ್ರ ಒಲೆಯನ್ನು ಮಲೆನಾಡಿನ ಹಿರಿಯರು ಈಗಲೂ ನೆನೆಯುತ್ತಾರೆ. ಗೋಬರ್ ಗ್ಯಾಸಿನ ಕಥೆ ಅದಕ್ಕಿಂತ ದೊಡ್ಡದು. ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ, ಎನ್.ಎಚ್. ರವೀಂದ್ರನಾಥ್ 2001ರಲ್ಲಿ ಬರೆದ ಸಂಶೋಧನ ಲೇಖನ ಶಿರಸಿಯ ಗೋಬರ್ ಗ್ಯಾಸ್ ಘಟಕಗಳ ಯಶಸ್ಸನ್ನೇ ಕುರಿತದ್ದು. ದೇಶದ ಎಷ್ಟೋ ಕಡೆ ಸಬ್ಸಿಡಿಗೆ ಕಟ್ಟಿದ ಗುಂಡಿಗಳು ಹಾಳುಬಿದ್ದಾಗ ಇಲ್ಲಿನವು ಕೆಲಸ ಮಾಡುತ್ತಿದ್ದವು. ಕಾರಣ ಪವಾಡವಲ್ಲ. ಚೆನ್ನಾಗಿ ಕಟ್ಟಬಲ್ಲ ಮೇಸ್ತ್ರಿಗಳಿದ್ದರು, ಕೆಟ್ಟರೆ ಬಂದು ನೋಡುವವರಿದ್ದರು. ಅಡುಗೆಮನೆಯ ಹೊಗೆಯನ್ನು ಇಷ್ಟು ಶಿಸ್ತಿನಿಂದ ಹೊರಹಾಕಿದ ತಾಲ್ಲೂಕು ಶಾಲೆಯ ಗೋಡೆಯ ಬಗ್ಗೆ ಹೀಗೆ ಸುಮ್ಮನಿರುವುದು ನನಗೆ ಅರ್ಥವಾಗುವುದಿಲ್ಲ.

ಆದರೂ ಹೊಗೆ ಪೂರ್ತಿ ಹೋಗಿಲ್ಲ. ಬಚ್ಚಲೊಲೆಗೆ ಈಗಲೂ ಕಟ್ಟಿಗೆಯೇ. ಮಳೆಗಾಲದಲ್ಲಿ ಯೂನಿಫಾರ್ಮ್ ಒಣಗುವುದು ಅದರ ಮೇಲೆ ಕಟ್ಟಿದ ಗಳದಲ್ಲಿ. ಮಗು ಹೊಗೆಯ ವಾಸನೆ ಹೊತ್ತೇ ಶಾಲೆಗೆ ಬರುತ್ತದೆ. 2003ರಲ್ಲಿ ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ ನಮ್ಮ ಜಿಲ್ಲೆಗೂ ಬಂದ ಮೇಲೆ ಪ್ರತಿ ಶಾಲೆಗೂ ಒಂದು ಅಡುಗೆಕೋಣೆ ಬಂತು. ಗ್ಯಾಸಿನಲ್ಲೇ ಅಡುಗೆ ನಿಜ, ಆದರೆ ಸಿಲಿಂಡರ್ ತಡವಾದ ದಿನ ಹಸಿ ಕಟ್ಟಿಗೆಯೇ ಗತಿ. ಅಡುಗೆಕೋಣೆ ಕ್ಲಾಸಿಗೆ ಒತ್ತಿಕೊಂಡಿದ್ದು, ಗಾಳಿ ಬರುವ ದಿಕ್ಕಿನಲ್ಲಿದ್ದರೆ ಒಗ್ಗರಣೆಯ ಘಾಟು, ಹೊಗೆ ಎರಡೂ ಮಕ್ಕಳ ಕಡೆಗೇ. ಅಡುಗೆಯವರ ಶ್ವಾಸಕೋಶವಂತೂ ಯಾರ ಕಡತದಲ್ಲೂ ಇಲ್ಲ. ಬೇಸಿಗೆಗೆ ಅಂಗಳ ಗುಡಿಸಿ ದರಕಿನ ಜೊತೆ ಚಾಕೊಲೇಟ್ ಕವರು, ಹಾಲಿನ ಪ್ಯಾಕೆಟ್ಟು ಸೇರಿಸಿ ಬೆಂಕಿ ಹಚ್ಚುವ ಅಭ್ಯಾಸ ಕೆಲವು ಕಡೆ ಇದೆ. ದರಕನ್ನು ತೋಟಕ್ಕೂ ಗೊಬ್ಬರದ ಗುಂಡಿಗೂ ಹೊರುವ ಊರಿನಲ್ಲಿ ಇದಕ್ಕಿಂತ ಪೆದ್ದುತನ ಇಲ್ಲ. ಹಾಸ್ಟೆಲ್‌ಗಳಲ್ಲಿ ರಾತ್ರಿಯಿಡೀ ಉರಿಯುವ ಸೊಳ್ಳೆಬತ್ತಿಯ ಸುದ್ದಿ ಇನ್ನೊಂದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಬತ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನದ್ದಕ್ಕೆ ಸಮ. ಕಿಟಕಿಗೆ ಬಲೆ ಬಡಿಸಿದರೆ ಬತ್ತಿಯೂ ಬೇಡ, ಕಿಟಕಿ ಮುಚ್ಚುವುದೂ ಬೇಡ.

ಕಿಟಕಿ ತೆರೆದರೂ ಸುಖವಿಲ್ಲದ ಜಾಗವೂ ಇದೆ. ಯಲ್ಲಾಪುರದ ಹೆದ್ದಾರಿ ಬದಿಯ ಶಾಲೆಗಳವರನ್ನು ಕೇಳಿ. ಬಳ್ಳಾರಿಯ ಅದಿರು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಅರಬೈಲ್ ಘಟ್ಟದ ದಾರಿಯಲ್ಲಿ ಮರದೆಲೆಗಳೂ ಕೆಂಪಾಗಿದ್ದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. 2011ರ ಲೋಕಾಯುಕ್ತ ವರದಿ ಅಕ್ರಮ ಗಣಿಗಾರಿಕೆಯ ಲೂಟಿಯ ಲೆಕ್ಕ ಕೊಟ್ಟಿತು. ಧೂಳು ಕುಡಿದ ಮಕ್ಕಳ ಲೆಕ್ಕ ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ. ಅದಿರು ಹೋದರೂ ಲಾರಿಗಳು ಹೋಗಿಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು, ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಒಳಗೆ ಬೆಳೆದವರ ಶ್ವಾಸಕೋಶ ದೂರದವರದ್ದಕ್ಕಿಂತ ಕಡಿಮೆ ಬೆಳೆದದ್ದನ್ನು 2007ರಲ್ಲಿ ತೋರಿಸಿತು. ಇಂಥ ಶಾಲೆಯಲ್ಲಿ ರಸ್ತೆಯ ಕಡೆಯ ಕಿಟಕಿ ಮುಚ್ಚಿ, ಹಿಂದಿನ ತೋಟದ ಕಡೆಯದ್ದನ್ನು ತೆರೆಯಬೇಕು. ರಸ್ತೆ ಬದಿಗೆ ಗಿಡದ ದಟ್ಟ ಬೇಲಿ ಬೇಕು.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಎಲ್ಲ ಹವಾಮಾನಕ್ಕೂ ತಾಳುವ ಕಟ್ಟಡ ಇರಬೇಕು ಎನ್ನುತ್ತದೆ. ಗಾಳಿಯ ಬಗ್ಗೆ ಅದರ ಪಟ್ಟಿಯಲ್ಲಿ ಒಂದು ಮಾತಿಲ್ಲ. ಆದರೆ ಜುಲೈ ತಿಂಗಳಲ್ಲಿ ಕಿಟಕಿ ತೆರೆಯಲಾಗದ ಕಟ್ಟಡ ಎಲ್ಲ ಹವಾಮಾನದ್ದು ಹೇಗಾಗುತ್ತದೆ? ರಾಷ್ಟ್ರೀಯ ಕಟ್ಟಡ ಸಂಹಿತೆ ಮಳೆ-ಸೆಕೆಯ ಸೀಮೆಯಲ್ಲಿ ಕೋಣೆಯ ನೆಲದ ಆರನೇ ಒಂದು ಪಾಲಿನಷ್ಟು ಕಿಟಕಿ ಬೇಕೆನ್ನುತ್ತದೆ. ನಾನೂರು ಚದರಡಿ ಕೋಣೆಗೆ ಅರವತ್ತೇಳು ಚದರಡಿ. ಟೇಪು ಹಿಡಿದು ನಿಮ್ಮ ಮಗುವಿನ ಕ್ಲಾಸನ್ನು ಅಳೆದು ನೋಡಿ. ಪೇಟೆಯ ಹೊಸ ಕಟ್ಟಡವಾದರೆ ಇನ್ನೊಂದು ಮೋಸ ಗಮನಿಸಿ. ಅಲ್ಯೂಮಿನಿಯಂನ ಜಾರುಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಸರಿಯುತ್ತದೆ. ಎಷ್ಟು ತೆರೆದರೂ ಗಾಳಿಗೆ ಸಿಗುವುದು ಅರ್ಧವೇ. ಮೇಲೆ ಆರ್‌ಸಿಸಿ ತಾರಸಿ, ಹಂಚಿನ ಸಂದೂ ಇಲ್ಲ. 2022ರ ನವೆಂಬರ್‌ನಲ್ಲಿ ‘ವಿವೇಕ’ ಹೆಸರಿನ ಶಾಲಾ ಕೊಠಡಿಗಳ ಯೋಜನೆ ಬಂದಾಗ ಗೋಡೆಗೆ ಯಾವ ಬಣ್ಣ ಎಂದು ಇಡೀ ರಾಜ್ಯ ವಾರಗಟ್ಟಲೆ ಜಗಳವಾಡಿತು. ಕಿಟಕಿ ಯಾವ ದಿಕ್ಕಿಗೆ ಎಂದು ಆಳುವವರೂ ಕೇಳಲಿಲ್ಲ, ವಿರೋಧಿಸುವವರೂ ಕೇಳಲಿಲ್ಲ. ಬೀದರ್‌ಗೂ ಸಿದ್ದಾಪುರಕ್ಕೂ ಒಂದೇ ನಕಾಶೆ ಇಟ್ಟುಕೊಂಡು ಕಟ್ಟಿದರೆ ಕೋಣೆ ಎಲ್ಲೋ ಒಂದು ಕಡೆ ತಪ್ಪಾಗಲೇಬೇಕು.

ಇಲ್ಲಿಗೆ ಒಗ್ಗುವ ನಕಾಶೆ ಏನೂ ಗುಟ್ಟಿನದ್ದಲ್ಲ. ಮಲೆನಾಡಿನ ಹಳೆಯ ಮನೆಯ ಮಾಡು ಗೋಡೆಯಿಂದ ಎಷ್ಟು ಮುಂದೆ ಚಾಚಿರುತ್ತದೆ ನೋಡಿ. ಸುತ್ತ ಜಗುಲಿ, ಅದರ ಅಂಚಿಗೆ ಮಳೆಗಾಲದಲ್ಲಿ ಸೋಗೆಯ ತಟ್ಟಿ. ಗೋಡೆ ಒದ್ದೆಯಾಗುವುದಿಲ್ಲ, ಕಿಟಕಿ ತೆರೆದೇ ಇರುತ್ತದೆ. ಶಾಲೆಗೂ ಇಷ್ಟೇ ಬೇಕು. ಮಳೆ ಹೊಡೆಯುವ ಬದಿಗೆ ಮೂರು-ನಾಲ್ಕು ಅಡಿ ಚಾಚಿದ ತಗಡಿನ ಇಳಿಮಾಡು. ಮೇಲಿನ ಅಂಚಿಗೆ ಕೀಲು ಹಾಕಿದ, ಕೆಳಗಿನಿಂದ ಹೊರಕ್ಕೆ ತಳ್ಳುವ ಕದ. ಅದು ತೆರೆದಿದ್ದಾಗಲೂ ಕೊಡೆ ಹಿಡಿದ ಹಾಗೆಯೇ. ಎದುರುಬದುರು ಗೋಡೆಗಳಲ್ಲಿ, ಮಾಡಿಗೆ ಹತ್ತಿರವಾಗಿ ಜಾಲಿ ಕಿಂಡಿ, ಬೆಚ್ಚಗಿನ ಗಾಳಿ ಏರಿ ಹೋಗುವುದಕ್ಕೆ. ಮಾಡಿನ ನೀರಿಗೆ ದಂಬೆ, ಅಡಿಪಾಯದಿಂದ ಆಚೆ ಒಯ್ಯುವ ಚರಂಡಿ. ಗೋಡೆಯ ಕೆಳಭಾಗಕ್ಕೆ ಆಯಿಲ್ ಪೇಂಟಿನ ಬದಲು ವರ್ಷಕ್ಕೊಮ್ಮೆ ಸುಣ್ಣ. ಜಗುಲಿಯಲ್ಲಿ ಕೊಡೆ, ರೇನ್‌ಕೋಟಿಗೊಂದು ತಂತಿ. ಬಿಸಿಲು ಕಂಡ ದಿನ ಜಮಖಾನ ಹೊರಗೆ. ಪಿರಿಯಡ್ ಮುಗಿದಾಗಲೆಲ್ಲ ಐದು ನಿಮಿಷ ಬಾಗಿಲು, ಕಿಟಕಿ ಎರಡನ್ನೂ ತೆರೆಯಬೇಕು. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ನಲಿ-ಕಲಿಯ ಚಪ್ಪರವನ್ನು ಮೇ ಕೊನೆಯಲ್ಲಿ ಬಿಚ್ಚಿ ದೀಪಾವಳಿಯ ಹೊತ್ತಿಗೆ ಹೊಸದಾಗಿ ಕಟ್ಟಬೇಕು. ಗಾಳಿ ಶುದ್ಧಿ ಮಾಡುವ ಯಂತ್ರ ದಾನ ಕೊಡಲು ಯಾರಾದರೂ ಮುಂದೆ ಬಂದರೆ ನಮಸ್ಕಾರ ಹೇಳಿ ತಗಡು ಕೊಡಿಸಲು ಕೇಳಿ. ಯಂತ್ರ ತೇವವನ್ನು ಒಣಗಿಸುವುದಿಲ್ಲ, ಕರೆಂಟಿಲ್ಲದೆ ತಿರುಗುವುದೂ ಇಲ್ಲ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆಯಲ್ಲೇ ಈ ಸಮಸ್ಯೆಯ ಬೇರು ಇದೆ. ಸಮಗ್ರ ಶಿಕ್ಷಣದಡಿ ಶಾಲೆಗೆ ಬರುವ ವಾರ್ಷಿಕ ಅನುದಾನ ಮಕ್ಕಳ ತಲೆ ಎಣಿಸಿ ಬರುತ್ತದೆ. ಮೂವತ್ತು ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ 10,000 ರೂಪಾಯಿ, ನೂರರವರೆಗೆ 25,000. ಸೀಮೆಸುಣ್ಣ, ರಿಜಿಸ್ಟರು, ಕರೆಂಟ್ ಬಿಲ್ಲು, ಸಣ್ಣ ರಿಪೇರಿ ಎಲ್ಲವೂ ಅದರಲ್ಲೇ. ಮಕ್ಕಳು ಕಡಿಮೆಯಾದರೆಂದು ಮಾಡು ಚಿಕ್ಕದಾಗುವುದಿಲ್ಲ, ಮಳೆಯೂ ಕಡಿಮೆ ಬರುವುದಿಲ್ಲ. ನೂರು ಮಕ್ಕಳಿದ್ದ ಕಾಲಕ್ಕೆ ಕಟ್ಟಿದ ಮಾಡಿನ ಕೆಳಗೆ ಈಗ ಎಂಟು ಮಕ್ಕಳಿದ್ದರೆ ಕೈಗೆ ಬರುವುದು ಎಂಟು ಮಕ್ಕಳ ದುಡ್ಡು. ಬಯಲುಸೀಮೆಯ ಲೆಕ್ಕ ಘಟ್ಟಕ್ಕೆ ಹೊಂದುವುದಿಲ್ಲ. ಎರಡು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ತಾಲ್ಲೂಕುಗಳ ಶಾಲೆಗೆ, ಮಕ್ಕಳ ಸಂಖ್ಯೆ ನೋಡದೆ, ಮಾಡಿನ ಅಳತೆ ನೋಡಿ ಪ್ರತಿ ಏಪ್ರಿಲ್‌ನಲ್ಲಿ ಪ್ರತ್ಯೇಕ ದುರಸ್ತಿ ಹಣ ಬರಬೇಕು. ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಇಂಥ ಪ್ರಸ್ತಾವ ಇಲ್ಲಿಂದಲೇ ಹೋಗಬೇಕು, ನಮ್ಮ ಶಾಸಕರು ಅದನ್ನು ಸದನದಲ್ಲಿ ಕೇಳಬೇಕು.

ಅಲ್ಲಿಯವರೆಗೆ ಊರಿನವರ ಕೈಯಲ್ಲೂ ಒಂದಿಷ್ಟು ಇದೆ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಅದರಲ್ಲಿರುವವರು ಪಾಲಕರೇ. ಶಾಲೆಗೆ ಬೀಗ ಬೀಳುವ ಮೊದಲು, ಏಪ್ರಿಲ್ ಮೊದಲ ವಾರದಲ್ಲಿ ಒಂದು ಸಭೆ ಕರೆಯಿರಿ. ಯಾವ ಗೋಡೆಯಲ್ಲಿ ಕಪ್ಪು ಚುಕ್ಕಿ, ಯಾವ ಕಿಟಕಿಗೆ ಎರಚಲು, ಯಾವ ಹಂಚು ಒಡೆದಿದೆ ಎಂದು ಕೋಣೆ ಕೋಣೆ ತಿರುಗಿ ಬರೆದುಕೊಳ್ಳಿ. ಆ ಚೀಟಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಸೇರಿಸಿ ಎಂದು ಪಟ್ಟು ಹಿಡಿಯಿರಿ. ಹಂಚು ಕೈಯಾಡಿಸುವವರಿಗೆ ಮೇ ಮೊದಲ ವಾರಕ್ಕೇ ಹೇಳಿಡಿ, ಜೂನ್‌ನಲ್ಲಿ ಅವರು ಸಿಗುವುದಿಲ್ಲ.